ಅರಿಶಿನ ಹೇಳದೆ ಬಿಟ್ಟಿದ್ದು

ಹೋದ ತಿಂಗಳು ಕಗ್ಗದಾಸಪುರದ ನಮ್ಮ ಮನೆಯ ಮೆಟ್ಟಿಲಿಗೆ ಹೊಸ ಟೈಲ್ಸ್ ಹಾಕಿಸಿದೆವು. ಕೆಲಸ ಮುಗಿದ ಮೇಲೆ ಅಲ್ಲಲ್ಲಿ ಅಂಟಿಕೊಂಡಿದ್ದ ಸಿಮೆಂಟಿನ ಕಲೆ ಹೋಗಲೆಂದು ಕೆಲಸದವನು ಆಸಿಡ್ ಸುರಿದು ಪೊರಕೆಯಿಂದ ಉಜ್ಜತೊಡಗಿದ. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮೊದಲು ಮೂಗಿಗೆ ಆ ಘಾಟು ಬಡಿಯಿತು. ಆಮೇಲೆ ನೋಡಿದರೆ ಟೈಲ್ಸಿನ ಸಂದಿಯಲ್ಲಿ ಸಿಮೆಂಟು ಹಾಲು ಉಕ್ಕಿದ ಹಾಗೆ ನೊರೆನೊರೆಯಾಗಿ ಬುಸುಗುಡುತ್ತಿತ್ತು. ನೊರೆ ಇಳಿದಾಗ ಸಂದಿಯಲ್ಲಿ ಒಂದಿಷ್ಟು ಮರಳು ಮಾತ್ರ ಉಳಿದಿತ್ತು.

"ತಾತ, ಒಳಗೋಗಿ, ಹೊಗೆ ಕುಡೀಬೇಡಿ" ಎಂದ ಆತ.

ನಾನು ಏಳಲಿಲ್ಲ. ಆ ಮರಳನ್ನೇ ನೋಡುತ್ತಿದ್ದೆ. ಅಂಥದೇ ಮರಳನ್ನು ಒಂದು ಬೇಸಿಗೆಯಲ್ಲಿ ಇಂದಿರಾನಗರದ ಒಂದು ಮನೆಯ ಈಜುಕೊಳದಿಂದ ನಾನು ಯಾರಿಗೂ ಕಾಣದ ಹಾಗೆ ಎತ್ತಿ ಗಿಡದ ಬುಡಕ್ಕೆ ಹಾಕುತ್ತಿದ್ದೆ.

ಅದು ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ರಾಗಿ ಹೊಲ ಆಗಲೇ ಸೈಟುಗಳಾಗಿ ಹೋಗಿತ್ತು. ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಗೂ ಬೀಗ ಬಿದ್ದಿತ್ತು. ಯಾರೋ ಹೇಳಿದರೆಂದು ಇಂದಿರಾನಗರದ ಶ್ರೀನಿವಾಸ ರಾಯರ ಮನೆಗೆ ಕೆಲಸ ಕೇಳಿಕೊಂಡು ಹೋದೆ. ರಾಯರು ನಿವೃತ್ತ ಎಂಜಿನಿಯರು. ಮನೆಯ ಹಿಂದೆ ಗುಲ್‌ಮೊಹರ್ ಮರದ ಕೆಳಗೆ ಮಗಳು ವೀಣಾಳಿಗೆಂದು ಕಟ್ಟಿಸಿದ ಸಣ್ಣ ಈಜುಕೊಳವಿತ್ತು. ಆ ವರ್ಷ ರಾಯರಿಗೆ ಲಕ್ವಾ ಹೊಡೆದು ಎಡಗಡೆ ಕೈಕಾಲು ಸ್ವಾಧೀನ ತಪ್ಪಿತ್ತು. ನೀರಿನಲ್ಲಿ ಮೈ ಹಗುರವಾಗುತ್ತದೆ, ದಿನವೂ ಕೊಳದಲ್ಲಿ ನಿಂತು ನಡೆದರೆ ಕಾಲಿಗೆ ಬಲ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಕೊಳದ ನೀರು ನೋಡಿಕೊಳ್ಳುವವನು ಬೇಕಾಗಿತ್ತು.

"ನೀರಿನ ಕೆಲಸ ಗೊತ್ತೇನಪ್ಪಾ?" ಎಂದು ರಾಯರ ಹೆಂಡತಿ ಕೇಳಿದರು. ನಾವೆಲ್ಲ ಅವರನ್ನು ಅಮ್ಮಾವ್ರು ಎನ್ನುತ್ತಿದ್ದೆವು.

"ಫ್ಯಾಕ್ಟರೀಲಿ ಬಾಯ್ಲರ್ ನೀರು ನಾನೇ ನೋಡ್ಕೊಂತಿದ್ದೆ ಅಮ್ಮಾವ್ರೇ. ಟೆಸ್ಟಿಂಗ್ ಎಲ್ಲಾ ಗೊತ್ತು."

ಅದು ನನ್ನ ಮೊದಲ ಸುಳ್ಳು. ಕಾರ್ಖಾನೆಯಲ್ಲಿ ನಾನು ಬರೀ ವಾಲ್ವ್ ತಿರುಗಿಸುವವನು. ಟೆಸ್ಟಿಂಗ್ ಮಾಡುತ್ತಿದ್ದವರು ಬಿಳಿ ಕೋಟಿನವರು, ಗಾಜಿನ ಕೋಣೆಯೊಳಗೆ. ನಾನು ಕಿಟಕಿಯಿಂದ ನೋಡಿದ್ದೆ ಅಷ್ಟೆ.

ಆದರೂ ಕೆಲಸ ಕಲಿತೆ. ಮುಂಬಯಿಯಿಂದ ತರಿಸಿದ ಪರೀಕ್ಷೆಯ ಪೆಟ್ಟಿಗೆಯೊಂದು ಆ ಮನೆಯಲ್ಲಿತ್ತು. ಒಳಗೆ ಒಂದು ಗಾಜಿನ ಕೊಳವೆ, ಕೆಂಪು ಔಷಧಿಯ ಒಂದು ಪುಟ್ಟ ಶೀಶೆ, ಬಣ್ಣಗಳ ಒಂದು ಚೀಟಿ. ಕೊಳವೆಗೆ ಕೊಳದ ನೀರು ತುಂಬಿ ಔಷಧಿಯ ಹನಿ ಬಿಡಬೇಕು. ಕಡುಗೆಂಪಾದರೆ ನೀರಿನಲ್ಲಿ ಸುಣ್ಣದ ಗುಣ ಹೆಚ್ಚಿದೆ, ಆಸಿಡ್ ಹಾಕಬೇಕು. ಹಳದಿಯಾದರೆ ಹುಳಿ ಹೆಚ್ಚಾಗಿದೆ, ಆಸಿಡ್ ನಿಲ್ಲಿಸಿ ಸೋಡಾ ಹಾಕಬೇಕು. ಎರಡರ ನಡುವೆ ಕಿತ್ತಳೆ ಬಣ್ಣ ಬಂದರೆ ನೀರು ಹದದಲ್ಲಿದೆ ಎಂದು ಅರ್ಥ. ನೀರು ಕೆಡದಿರಲು ಹಾಕುವ ಬ್ಲೀಚಿಂಗ್ ಪೌಡರಿನಲ್ಲೇ ಸುಣ್ಣವಿರುತ್ತದೆ. ಹಾಗಾಗಿ ಅದನ್ನು ಹಾಕಿದಷ್ಟೂ ನೀರು ಕೆಂಪಿನ ಕಡೆಗೆ ಹೋಗುತ್ತದೆ. ಆಸಿಡ್ ಹಾಕಿ ಹಿಂದಕ್ಕೆ ಎಳೆಯಬೇಕು. ಬೇಸಿಗೆಯೆಲ್ಲ ಇದೇ ಜಗ್ಗಾಟ.

ವೀಣಾಳ ಮದುವೆ ಆಷಾಢಕ್ಕೆ ಮುಂಚೆ ಎಂದು ಗೊತ್ತಾಗಿತ್ತು. ರಾಯರಿಗೆ ಇದ್ದದ್ದು ಒಂದೇ ಹಟ.

"ಮುನಿಯಪ್ಪ, ನನ್ ಮಗಳ ಧಾರೇನ ನಾನು ನಿಂತ್ಕೊಂಡೇ ಎರೀತೀನಿ. ಕುರ್ಚೀಲಿ ಕೂತ್ಕೊಂಡು ಎರೆಯೋಕೆ ನಾನೇನು ಫೋಟೋ ಸ್ಟುಡಿಯೋಗೆ ಹೋಗಿದೀನಾ?" ಎನ್ನುತ್ತಿದ್ದರು. ಮಾತು ಸ್ವಲ್ಪ ತೊದಲುತ್ತಿತ್ತು, ಕುಚೋದ್ಯ ತೊದಲುತ್ತಿರಲಿಲ್ಲ.

ಅವರು ಹಿಡಿದುಕೊಂಡು ಇಳಿಯಲು, ನಿಲ್ಲಲು ಕೊಳದ ಮೆಟ್ಟಿಲ ಪಕ್ಕ ಒಂದು ಸ್ಟೀಲ್ ಕಂಬಿ ಬೇಕಾಯಿತು. ನಾನು ಸೆಲ್ವರಾಜನನ್ನು ಕರೆತಂದೆ. ಹಲಸೂರಿನ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನಿಗೆ ಹಲಸೂರು ಕೆರೆಯ ಹತ್ತಿರ ವೆಲ್ಡಿಂಗ್ ಅಂಗಡಿ ಇತ್ತು. ಮೆಟ್ಟಿಲ ಕಂಬಿ, ಮಹಡಿಯ ಗ್ರಿಲ್ ಎಂದರೆ ಆ ಕಡೆಯವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಕೊಳ ಖಾಲಿ ಮಾಡಿ, ನೆಲದಲ್ಲಿ ಗುಂಡಿ ತೆಗೆದು, ಕಂಬಿಯ ಕಾಲು ಇಳಿಸಿ, ಸುತ್ತ ಸಿಮೆಂಟು ತುಂಬಿದ. ಆ ಮಧ್ಯಾಹ್ನ ಮೋಡ ಕವಿದು ಮಾವಿನ ಮಳೆ ಬರುವ ಹಾಗಿತ್ತು. ಸೆಲ್ವ ಅವಸರದಲ್ಲೇ ಸಿಮೆಂಟು ಕಲಸಿದ. ಮುಗಿದ ಮೇಲೆ ತಾರ್ಪಾಲು ಹೊದಿಸಿ ಬೀಡಿ ಹಚ್ಚಿದ.

"ಡೇಯ್ ಮುನಿ, ಒಂದ್ ವಾರ ನೀರು ಬಿಡ್ಬೇಡ. ಆಮೇಲೆ ಆನೆ ಬಂದು ಒರಗಿದ್ರೂ ಅಲ್ಲಾಡಲ್ಲ ಇದು."

"ಆನೆ ಅಲ್ವೋ, ರಾಯರು."

"ರಾಯರೇ ಅಪ್ಪಾ. ಮನುಷ್ಯ ಮೈ ಭಾರ ಹಾಕೋ ಸಾಮಾನು ಮಾಡೋವಾಗ ನಾನು ತಮಾಷೆ ಮಾಡಲ್ಲ."

ಕೊಳಕ್ಕೆ ಮತ್ತೆ ನೀರು ತುಂಬಿದೆವು. ಬೋರ್‌ವೆಲ್ಲು ಬತ್ತುತ್ತಾ ಬಂದಿದ್ದರಿಂದ ಕೆ.ಆರ್. ಪುರದ ಕಡೆಯಿಂದ ಟ್ಯಾಂಕರ್ ತರಿಸಿದೆವು. ಬೋರ್ ನೀರು ಗಡಸು, ಟ್ಯಾಂಕರಿನದು ಮೆದು ನೀರು. ಅದಕ್ಕೆ ಆಸಿಡ್ ಕಡಿಮೆ ಸಾಕು. ಆ ವ್ಯತ್ಯಾಸ ನನಗೆ ಹೊಳೆಯದೆ ಹಳೆಯ ಲೆಕ್ಕದಲ್ಲೇ ಹಾಕುತ್ತಾ ಹೋದೆ. ಪರೀಕ್ಷೆ ಮಾಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಅದೇ ವಾರ ಆ ಕೆಂಪು ಶೀಶೆ ನನ್ನ ಒದ್ದೆ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಒಡೆಯಿತು.

ಹೋಗಿ ಹೇಳಿದ್ದರೆ ಅಮ್ಮಾವ್ರು ಇನ್ನೊಂದು ತರಿಸುತ್ತಿದ್ದರು. ಬೈಯುತ್ತಲೂ ಇರಲಿಲ್ಲ. ಆದರೆ ಶೀಶೆಯ ಮಾತು ಎತ್ತಿದರೆ ಎಷ್ಟು ಹನಿ, ಯಾವ ಲೆಕ್ಕ, ಯಾಕೆ ಎಂದು ರಾಯರು ಎಂಜಿನಿಯರ್ ಪ್ರಶ್ನೆ ಕೇಳುತ್ತಾರೆ, ನನ್ನ ಬಾಯ್ಲರ್ ಕಥೆ ಬಯಲಾಗುತ್ತದೆ ಎಂದು ಹೆದರಿದೆ. ಚೂರುಗಳನ್ನು ಗುಡಿಸಿ ಹಾಕಿದೆ. ಆಗ ನನ್ನ ಅವ್ವ ಓಕುಳಿ ಮಾಡುತ್ತಿದ್ದದ್ದು ನೆನಪಾಯಿತು.

ಮದುಮಕ್ಕಳಿಗೆ, ಬಾಣಂತಿಗೆ ಆರತಿ ಎತ್ತಲು ಅವ್ವ ತಟ್ಟೆಯಲ್ಲಿ ಅರಿಶಿನದ ನೀರು ಕಲಸಿ ಚಿಟಿಕೆ ಸುಣ್ಣ ಹಾಕುತ್ತಿದ್ದಳು. ಹಳದಿ ನೀರು ಕಣ್ಣೆದುರೇ ರಕ್ತದ ಹಾಗೆ ಕೆಂಪಾಗುತ್ತಿತ್ತು. ಸುಣ್ಣ ಇದ್ದರೆ ಅರಿಶಿನ ಕೆಂಪಾಗುತ್ತದೆ. ಮತ್ತೆ ಮುಂಬಯಿ ಔಷಧಿ ಯಾಕೆ? ಬಿಳಿ ಬಟ್ಟೆಯ ಚೂರುಗಳನ್ನು ಅರಿಶಿನದಲ್ಲಿ ಅದ್ದಿ ಪಂಪ್ ರೂಮಿನಲ್ಲಿ ಒಣಗಿಸಿಕೊಂಡೆ. ಬೆಳಿಗ್ಗೆ ಒಂದು ಚೂರನ್ನು ಕೊಳದ ನೀರಿಗೆ ಅದ್ದುತ್ತಿದ್ದೆ. ಕೆಂಪಗಾಗದೆ ಹಳದಿಯಾಗೇ ಉಳಿದರೆ ನೀರು ಸರಿ ಎಂದುಕೊಳ್ಳುತ್ತಿದ್ದೆ. ಅದು ಯಾವಾಗಲೂ ಹಳದಿಯಾಗೇ ಉಳಿಯುತ್ತಿತ್ತು. ಎಂಥಾ ತಲೆ ನಂದು ಎಂದು ಒಳಗೊಳಗೇ ಬೀಗಿದೆ.

ಇನ್ನೊಂದು ಆಸೆಯೂ ಸೇರಿಕೊಂಡಿತು. ಬೋರ್ ನೀರಿನಿಂದ ವರ್ಷಗಟ್ಟಲೆ ಟೈಲ್ಸಿನ ಮೇಲೆ ಕೂತಿದ್ದ ಬಿಳಿ ಸುಣ್ಣದ ಪದರ ಆಸಿಡ್ ಹಾಕಿದ ಹಾಗೆಲ್ಲ ಬಿಡತೊಡಗಿತ್ತು. ನೀಲಿ ಟೈಲ್ಸು ಥಳಥಳ ಎನ್ನುತ್ತಿತ್ತು. "ಮುನಿಯಪ್ಪ ಬಂದ್ಮೇಲೆ ಕೊಳ ಹೊಸದಾಗ್ಬಿಡ್ತು ಕಣ್ರೀ" ಎಂದು ಅಮ್ಮಾವ್ರು ರಾಯರಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ಮಾರನೆಯ ದಿನ ಇನ್ನೊಂದು ಮಗ್ಗು ಆಸಿಡ್ ಹೆಚ್ಚಿಗೆ ಸುರಿದೆ. ಬಕೆಟ್ ನೀರಿನಲ್ಲಿ ಬೆರೆಸಿ ಸುತ್ತಲೂ ಚೆಲ್ಲಬೇಕು ಎಂದು ಡಬ್ಬದ ಮೇಲೆ ಬರೆದಿತ್ತು. ನಾನು ಹಾಗೇ ಸುರಿಯುತ್ತಿದ್ದೆ. ಅದೂ ಪಂಪ್ ರೂಮಿಗೆ ಹತ್ತಿರವೆಂದು ಯಾವಾಗಲೂ ಮೆಟ್ಟಿಲ ಮೂಲೆಯಲ್ಲಿ, ಕಂಬಿಯ ಪಕ್ಕದಲ್ಲಿ. ಆಸಿಡ್ ನೀರಿಗಿಂತ ಭಾರ, ನೇರ ಕೆಳಗಿಳಿದು ತಳದಲ್ಲಿ ಕೂರುತ್ತದೆ. ಇದನ್ನು ತಿಳಿದುಕೊಂಡದ್ದು ಎಷ್ಟೋ ವರ್ಷಗಳ ಮೇಲೆ.

ಏಪ್ರಿಲ್ ಕಳೆಯಿತು. ಗುಲ್‌ಮೊಹರ್ ಹೂವು ಬೆಳಗಾದರೆ ನೀರಿನ ತುಂಬ ಕೆಂಪಗೆ ಹಾಸಿರುತ್ತಿತ್ತು. ಜಾಲರಿಯಿಂದ ಎತ್ತಿ ಎತ್ತಿ ಹಾಕುತ್ತಿದ್ದೆ. ರಾಯರು ದಿನದಿನಕ್ಕೂ ಸುಧಾರಿಸಿದರು. ಮೊದಮೊದಲು ನಾನೂ ನೀರಿಗಿಳಿದು ಹಿಡಿದುಕೊಳ್ಳಬೇಕಿತ್ತು. ಆಮೇಲೆ ಒಬ್ಬರೇ ಕಂಬಿ ಹಿಡಿದು ನಿಲ್ಲತೊಡಗಿದರು. ಒಂದು ದಿನ ಬಲಗೈಯನ್ನೂ ಬಿಟ್ಟು, ಎದೆಮಟ್ಟದ ನೀರಿನಲ್ಲಿ ನೆಟ್ಟಗೆ ನಿಂತು, ಅದೇ ಅಂಗೈಯಲ್ಲಿ ನೀರೆತ್ತಿ ಧಾರೆಯ ಹಾಗೆ ಬಿಟ್ಟರು. ದಂಡೆಯ ಮೇಲಿದ್ದ ಅಮ್ಮಾವ್ರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಳ್ಬೇಡ್ವೇ, ಕಣ್ಣುರೀತಿರೋದು ನನಗೆ" ಎಂದರು ರಾಯರು. ಅವರ ಕಣ್ಣು ನಿಜವಾಗಿಯೂ ಕೆಂಪಗಿತ್ತು. "ಏನೋ ಮುನಿಯಪ್ಪ, ನೀರು ಉರಿಯುತ್ತಲ್ಲೋ?"

"ಬಿಸಿಲಿನ ಝಳ ಸಾರ್" ಎಂದೆ.

"ಟೆಸ್ಟ್ ಮಾಡಿದ್ಯಾ?" ಎಂದರು ಅಮ್ಮಾವ್ರು.

"ಬೆಳಿಗ್ಗೇನೇ ಮಾಡ್ದೆ. ಸರಿಯಾಗಿದೆ."

ಅದಾದ ಕೆಲವೇ ದಿನಕ್ಕೆ ಕಂಬಿಯ ಬುಡದಲ್ಲಿ ಆ ಮರಳು ಕಂಡಿತು. ಒಂದು ಹಿಡಿಯಷ್ಟು, ನೀಲಿ ನೆಲದ ಮೇಲೆ. ಗಾಳಿಗೆ ಬಿದ್ದ ಮಣ್ಣಿರಬೇಕೆಂದು ಎತ್ತಿ ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಬಂದಿತ್ತು.

ಒಂದು ಸಂಜೆ ವೀಣಾ ಪಂಪ್ ರೂಮಿಗೆ ಬಂದಳು. ತಂತಿಯ ಮೇಲೆ ಸಾಲಾಗಿ ಒಣಗುತ್ತಿದ್ದ ಹಳದಿ ಚೂರುಗಳನ್ನು ನೋಡಿ ನಕ್ಕಳು.

"ಏನ್ ಮುನಿಯಣ್ಣ, ನನ್ ಮದುವೆಗೆ ಈಗಿಂದ್ಲೇ ಅರಿಶಿನದ ಶಾಸ್ತ್ರಾನಾ?"

"ಏನಿಲ್ಲಮ್ಮ, ನೀರು ನೋಡೋಕೆ. ಸುಣ್ಣ ಜಾಸ್ತಿಯಾದ್ರೆ ಕೆಂಪಾಗುತ್ತೆ. ಪೆಟ್ಟಿಗೇನೂ ಇದೆ, ಇದು ಸುಮ್ನೆ."

"ಅಯ್ಯೋ, ಚೆನ್ನಾಗಿದೆಯಲ್ಲಾ!" ಎಂದು ಒಂದು ಚೂರನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಸಹಜವಾಗಿ ಕೇಳಿದಳು: "ಮತ್ತೆ ಹುಳಿ ಜಾಸ್ತಿಯಾದ್ರೆ ಯಾವ ಬಣ್ಣ ಆಗುತ್ತೆ?"

ಅದನ್ನು ನಾನು ನೋಡಿಯೇ ಇರಲಿಲ್ಲ. "ಅದೂ ಬದಲಾಗುತ್ತಮ್ಮ" ಎಂದೆ. ಅವಳು ಚೂರನ್ನು ಅಲ್ಲೇ ಇಟ್ಟು ಹೋದಳು.

ನಾನು ಅಡಿಗೆಮನೆಯಿಂದ ಒಂದು ಹೋಳು ನಿಂಬೆಹಣ್ಣು ಕೇಳಿ ತಂದು ಬಟ್ಟೆಯ ಮೇಲೆ ಹಿಂಡಿದೆ. ಹಳದಿಯಾಗೇ ಉಳಿಯಿತು. ಮಗ್ಗಿನ ತಳದಲ್ಲಿದ್ದ ಆಸಿಡ್ ತೊಟ್ಟಿಕ್ಕಿಸಿದೆ. ಬಟ್ಟೆ ಹೊಗೆಯಾಡಿ ತೂತಾಯಿತು, ತೂತಿನ ಅಂಚು ಹಳದಿಯಾಗೇ ಇತ್ತು. ನೀರು ಹದವಾಗಿದ್ದರೂ ಹಳದಿ, ಹುಳಿಯಾಗಿ ಮಿತಿ ಮೀರಿದರೂ ಹಳದಿ. ಅರಿಶಿನ ಸುಣ್ಣವನ್ನು ಮಾತ್ರ ಹೇಳುತ್ತದೆ, ಹುಳಿಯ ವಿಷಯಕ್ಕೆ ಬಾಯಿ ಬಿಡುವುದಿಲ್ಲ. ಇಷ್ಟು ದಿನ ನಾನು ಏನನ್ನೂ ಪರೀಕ್ಷಿಸಿರಲಿಲ್ಲ.

ಆ ಸಂಜೆಯ ತನಕ ನಡೆದದ್ದನ್ನು ತಿಳಿಯದೆ ಮಾಡಿದ್ದು ಎನ್ನಬಹುದು. ಅಲ್ಲಿಂದ ಮುಂದಿನದಕ್ಕೆ ಆ ಮಾತಿಲ್ಲ. ರಾಯರ ಕಣ್ಣುರಿ, ಬುಡದ ಮರಳು ಎರಡೂ ಆಗ ನನಗೆ ಅರ್ಥವಾದವು. ಒಳಗೆ ಹೋಗಿ ಹೇಳಬೇಕಾಗಿತ್ತು. ಮನೆ ತುಂಬ ಮದುವೆಯ ಗಲಾಟೆ, ಅಂಗಳದಲ್ಲಿ ಸೀರೆಯವನು ಗಂಟು ಬಿಚ್ಚಿಕೊಂಡು ಕೂತಿದ್ದ. ನಾಳೆಯಿಂದ ಆಸಿಡ್ ನಿಲ್ಲಿಸುತ್ತೇನೆ, ಸೋಡಾ ಹಾಕುತ್ತೇನೆ, ತಾನೇ ಸರಿಹೋಗುತ್ತದೆ ಎಂದುಕೊಂಡೆ. ನೀರು ಸರಿಹೋಗಬಹುದು, ಆಸಿಡ್ ತಿಂದುಹಾಕಿದ ಸಿಮೆಂಟು ಮತ್ತೆ ಬೆಳೆಯುವುದಿಲ್ಲವಲ್ಲ. ಅದೂ ಗೊತ್ತಿತ್ತು. ಬೆಳಿಗ್ಗೆ ರಾಯರು ಬರುವ ಮುಂಚೆ ಕಂಬಿ ಹಿಡಿದು ಮೆಲ್ಲಗೆ ಅಲುಗಿಸಿ ನೋಡುತ್ತಿದ್ದೆ. ಸ್ವಲ್ಪ ಆಡುತ್ತಿತ್ತು. ಜೋರಾಗಿ ಅಲುಗಿಸಲು ಹೆದರಿಕೆ. ಕಿತ್ತುಬಂದರೆ ಹೇಳಲೇಬೇಕಾಗುತ್ತಿತ್ತು.

ಅವರು ನೀರಿಗಿಳಿದಷ್ಟು ಹೊತ್ತೂ ನನ್ನ ಕಣ್ಣು ಕಂಬಿಯ ಬುಡದ ಮೇಲೆ. "ಏನೋ, ನನ್ನ ಬಿಟ್ಟು ನೆಲ ನೋಡ್ತೀಯಾ, ಚಿನ್ನ ಬಿದ್ದಿದೆಯಾ?" ಎಂದು ರಾಯರು ಹಾಸ್ಯ ಮಾಡಿದರು. ನಾನು ಜಾಲರಿ ಎತ್ತಿಕೊಂಡು ಹೂವು ತೆಗೆಯುವವನ ಹಾಗೆ ಬಗ್ಗಿದೆ.

ಚಪ್ಪರ ಹಾಕುವವರು ಗಳ ಇಳಿಸುತ್ತಿದ್ದ ಬೆಳಿಗ್ಗೆ ಅದು ನಡೆಯಿತು. ರಾಯರು ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಕಾಲಿಡುತ್ತಾ ಮೈಯ ಭಾರವನ್ನೆಲ್ಲ ಕಂಬಿಯ ಮೇಲೆ ಬಿಟ್ಟರು. ಕಂಬಿ ಸದ್ದಿಲ್ಲದೆ ವಾಲಿತು. ಬುಡ ಗುಂಡಿಯಿಂದ ಹಲ್ಲು ಕಿತ್ತ ಹಾಗೆ ಬಂತು. ಅವರ ತಲೆಯ ಒಂದು ಬದಿ ಮೆಟ್ಟಿಲ ಅಂಚಿಗೆ ಬಡಿದು, ಮುಖ ಕೆಳಗಾಗಿ ಮುಳುಗಿದರು. ಬಲಗೈ ಇನ್ನೂ ಕಂಬಿಯನ್ನು ಬಿಟ್ಟಿರಲಿಲ್ಲ, ಆ ಕಂಬಿಯೇ ಅವರನ್ನು ತಳಕ್ಕೆ ಒತ್ತುತ್ತಿತ್ತು.

ಹಾರಿದೆ. ಸೋಡಾ ಹಾಕಿದ್ದರೂ ಹುಳಿ ಇಳಿದಿರಲಿಲ್ಲ, ನೀರಿನೊಳಗೆ ಕಣ್ಣು ಬಿಟ್ಟಾಗ ಖಾರದ ಪುಡಿ ಎರಚಿದ ಹಾಗೆ ಉರಿಯಿತು. ಇಷ್ಟು ದಿನ ಈ ನೀರಿನಲ್ಲೇ ಅವರು ನಗುತ್ತಾ ನಿಂತಿದ್ದರು. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೇಲೆತ್ತಿದೆ. ಅಮ್ಮಾವ್ರು ಕಿರುಚುತ್ತಿದ್ದರು. ಚಪ್ಪರದವರು ಓಡಿಬಂದು ಎಳೆದುಕೊಂಡರು. ರಾಯರು ನೀರು ಕಕ್ಕಿದರು, ಉಸಿರು ಬಂತು, ಆಸ್ಪತ್ರೆಗೆ ಸಾಗಿಸಿದೆವು. ಜೀವ ಉಳಿಯಿತು.

ಮಾರನೆಯ ದಿನ ಅಮ್ಮಾವ್ರು ಸೆಲ್ವನನ್ನು ಕರೆಸಿದರು. ಅಷ್ಟರಲ್ಲಿ ಕೊಳ ಖಾಲಿಯಾಗಿತ್ತು. ಅವನು ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಉಳಿದಿದ್ದ ಸಿಮೆಂಟಿನ ತುಣುಕನ್ನು ಎತ್ತಿಕೊಂಡ. ಬೆರಳ ನಡುವೆ ಅದು ಬೆಲ್ಲದ ಪುಡಿಯ ಹಾಗೆ ಉದುರಿತು.

"ಬರೀ ಮರಳಲ್ವೇನಪ್ಪಾ ಇದು? ಸಿಮೆಂಟೆಲ್ಲಿ?" ಎಂದರು ಅಮ್ಮಾವ್ರು. ಅವರು ದನಿ ಏರಿಸಲಿಲ್ಲ. "ನಿನ್ ಕೆಲಸಾನ ನಂಬಿ ನಮ್ಮೆಜಮಾನ್ರನ್ನ ನೀರಿಗಿಳಿಸಿದ್ವಲ್ಲಪ್ಪಾ."

"ಇಲ್ಲಮ್ಮಾ, ಸರಿಯಾಗೇ ಕಲಸಿದ್ದೆ... ಮೋಡ ಆಗಿತ್ತು, ಅರ್ಜೆಂಟಲ್ಲಿ..."  ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದ: "ಮುನಿ, ನೀರು ಸರಿಯಾಗಿತ್ತಾ?"

ವೀಣಾ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಸರಿಯಾಗಿತ್ತು" ಎಂದೆ.

ವೀಣಾ ಏನೋ ಕೇಳಲು ಬಾಯಿ ತೆರೆದಳು. ಒಳಗೆ ಫೋನು ಹೊಡೆದುಕೊಂಡಿತು, ಆಸ್ಪತ್ರೆಯದಿರಬೇಕೆಂದು ಓಡಿದಳು. ಮತ್ತೆ ಅವಳು ಕೇಳಲಿಲ್ಲ. ಸೆಲ್ವ ಆ ಪುಡಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಅಮ್ಮಾವ್ರಿಗೆ ಕೈ ಮುಗಿದು ಹೋದ.

ಮದುವೆಯ ದಿನ ರಾಯರನ್ನು ಕುರ್ಚಿಯ ಸಮೇತ ಮಂಟಪಕ್ಕೆ ಹತ್ತಿಸಿದವರಲ್ಲಿ ನಾನೂ ಒಬ್ಬ. ಧಾರೆಯ ಹೊತ್ತಿಗೆ ಎಲ್ಲರೂ ಎದ್ದು ನಿಂತರು, ಅವರು ಕೂತೇ ಇದ್ದರು. ನೀರು ಪಂಚೆಯ ಮೇಲೂ ಚೆಲ್ಲಿತು. ಅವರು ಯಾವ ಹಾಸ್ಯವನ್ನೂ ಮಾಡಲಿಲ್ಲ. ಆಮೇಲೆ ಮುತ್ತೈದೆಯರು ಓಕುಳಿಯ ತಟ್ಟೆ ಹಿಡಿದು ಆರತಿ ಎತ್ತಿದರು. ಆ ಕೆಂಪು ನೀರನ್ನು ನೋಡಲಾರದೆ ನಾನು ಊಟಕ್ಕೂ ನಿಲ್ಲದೆ ಮನೆಗೆ ಬಂದುಬಿಟ್ಟೆ. ಆ ತಿಂಗಳೇ ಕೆಲಸ ಬಿಟ್ಟೆ. ರಾಯರು ಮತ್ತೆಂದೂ ನೀರಿಗಿಳಿಯಲಿಲ್ಲವೆಂದು ಕೇಳಿದೆ. ಈಗ ಅವರೂ ಇಲ್ಲ, ಅಮ್ಮಾವ್ರೂ ಇಲ್ಲ. ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಅವರಿಗೆ ಹೇಳುವ ಅವಕಾಶವನ್ನು ನಾನೇ ಕಳೆದುಕೊಂಡೆ.

ಸೆಲ್ವ ಇದ್ದ. ಮೆಟ್ಟಿಲು ತೊಳೆದ ಮಾರನೆಯ ದಿನ ಬಸ್ಸು ಹತ್ತಿ ಹಲಸೂರಿಗೆ ಹೋದೆ. ಅವನ ಮನೆ ಅಂಗಡಿಯ ಮೇಲೆ. ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಗೋಡೆಗೆ ಬಿಗಿದ ಒಂದು ಹಗ್ಗ. ಮಂಡಿ ಹಿಡಿದುಕೊಂಡು ಹತ್ತಿದೆ. ಅವನ ಹೆಂಡತಿ ಕಲಾ ಬುದ್ಧನ ಪಟದ ಕೆಳಗೆ ಚಾಪೆ ಹಾಸಿ ಕೂರಿಸಿದಳು.

"ಇಷ್ಟು ವರ್ಷ ಆದ್ಮೇಲೆ ದಾರಿ ಗೊತ್ತಾಯ್ತಾ ನಿಮಗೆ? ನೋಡಿ ಅಣ್ಣಾ, ಊರಿಗೆಲ್ಲಾ ವೆಲ್ಡಿಂಗು, ಮನೆ ಮೆಟ್ಟಿಲಿಗೆ ಹಗ್ಗ. ಒಂದು ಪೈಪ್ ಹಾಕು ಅಂದ್ರೆ ಕೇಳಲ್ಲ."

"ಗೇಟು, ಕಿಟಕಿ ಮಾತ್ರ ಮಾಡೋದು ನಾನು" ಎಂದ ಸೆಲ್ವ. "ಮನುಷ್ಯ ಒರಗೋ ಸಾಮಾನು ಮಾಡಲ್ಲ. ಅವತ್ತೇ ಬಿಟ್ಟೆ. ಗೊತ್ತಲ್ಲಾ ನಿನಗೆ."

ಗೊತ್ತಿರಲಿಲ್ಲ. ಸುತ್ತು ಬಳಸದೆ ಹೇಳಿದೆ. ಒಡೆದ ಶೀಶೆ, ಅರಿಶಿನದ ಬಟ್ಟೆ, ಅದೇ ಮೂಲೆಯಲ್ಲಿ ಸುರಿದ ಆಸಿಡ್, ನಿಂಬೆಹಣ್ಣು, ಮರಳು.  ಕಲಾ ಲೋಟ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ನಿನ್ನ ಸಿಮೆಂಟು ಚೆನ್ನಾಗಿತ್ತು ಸೆಲ್ವ. ನಾನೇ ಆಸಿಡ್‌ಗೆ ತಿನ್ನಿಸಿಬಿಟ್ಟೆ."

ಅವನು ಕೇಳಿದ: "ಅವತ್ತು ನಾನು ಕೇಳ್ದೆ ತಾನೇ, ಮುನಿ? ಎಲ್ಲರ ಮುಂದೆ ಕೇಳ್ದೆ ತಾನೇ?"

"ಕೇಳ್ದೆ."

"ಆ ಪುಡೀನ ಮನೆಗೆ ತಂದು ಎಷ್ಟು ಸಲ ತಿಕ್ಕಿ ನೋಡಿದೀನಿ ಗೊತ್ತಾ? ಎಷ್ಟು ಸಿಮೆಂಟ್ ಹಾಕ್ದೆ, ಎಷ್ಟು ಮರಳು ಹಾಕ್ದೆ, ಕುಡಿದಿದ್ನಾ, ನಿದ್ದೆ ಇರ್ಲಿಲ್ವಾ... ನನ್ ಕೈನೇ ನಾನು ನಂಬ್ಲಿಲ್ಲವೋ!" ಅವನು ಬಾಗಿಲ ಕಡೆ ಕೈ ತೋರಿಸಿದ. "ಎದ್ದೋಗು. ಈಗ ಎದ್ದೋಗು."

ಎದ್ದೆ. ಕಲಾ ತಡೆಯಲಿಲ್ಲ. ಹಗ್ಗ ಹಿಡಿದು ಅರ್ಧ ಮೆಟ್ಟಿಲು ಇಳಿದಿದ್ದೆ, ಮೇಲಿನಿಂದ ಅವನ ದನಿ ಬಂತು.

"ಹಗ್ಗ ನಂಬ್ಕೊಂಡು ಇಳೀಬೇಡ. ಗೋಡೆ ಹಿಡ್ಕೋ." ಹಿಂದೆಯೇ ಮತ್ತೆ: "ಇಲ್ಲಿಗೊಂದು ಪೈಪ್ ಹಾಕ್ತೀನಿ. ಒಂದ್ ವಾರ ಸಿಮೆಂಟ್ ಗಟ್ಟಿಯಾಗ್ಲಿ. ಆಮೇಲೆ ಬಾ. ಮೊದಲು ನೀನೇ ಒರಗ್ಬೇಕು."

ನಿನ್ನೆ ಹೋಗಿದ್ದೆ. ಹಗ್ಗ ಇರಲಿಲ್ಲ. ಗೋಡೆಯಿಲ್ಲದ ಕಡೆ ಮೆಟ್ಟಿಲುದ್ದಕ್ಕೂ ಹೊಸ ಕಂಬಿ. ಬುಡದ ಸಿಮೆಂಟು ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಸೆಲ್ವ ಕೈ ಕಟ್ಟಿಕೊಂಡು ಕೆಳಗೆ ನಿಂತ, ಕಲಾ ಮೇಲಿನ ಬಾಗಿಲಲ್ಲಿ. ನಾನು ನಡುಮೆಟ್ಟಿಲಿಗೆ ಹತ್ತಿ ಕಂಬಿಯ ಮೇಲೆ ಕೈಯಿಟ್ಟೆ.

"ಕೈ ಇಟ್ರೆ ಸಾಲ್ದು. ಪೂರ್ತಿ ಒರಗು."

ಕಾಲಿನ ಭಾರವನ್ನೆಲ್ಲ ಬಿಟ್ಟು ಒರಗಿದೆ. ಆಚೆ ಕಡೆ ಕೆಳಗಿನ ಅಂಗಡಿಯ ಕಬ್ಬಿಣದ ರಾಶಿ ಕಾಣುತ್ತಿತ್ತು.

"ಸರಿಯಾಗಿದೆಯಾ?"

"ಸರಿಯಾಗಿದೆ" ಎಂದೆ.

"ಜೋರಾಗಿ ಹೇಳು. ಅವಳಿಗೆ ಕೇಳಿಸ್ಲಿ."

"ಸರಿಯಾಗಿದೆ ಸೆಲ್ವ!"

ಅವನು ನನ್ನ ಮುಖ ನೋಡಲಿಲ್ಲ. ಹತ್ತಿರ ಬಂದು, ಬಲಗೈಯನ್ನು ಅಂಗಿಗೆ ಒರೆಸಿಕೊಂಡು, ಕಂಬಿಯನ್ನು ಹಿಡಿದ. ಆಮೇಲೆ ಅದರ ಮೇಲೆ ಭಾರ ಹಾಕಿ ಮೆಟ್ಟಿಲು ಹತ್ತತೊಡಗಿದ.